ನೇತ್ರಾಣಿಯ ಹವಳ ಮತ್ತು ಬಯಲುಸೀಮೆಯ ಪ್ರವಾಸಿ

ಕಣ್ಣು ಮತ್ತು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿಕೊಂಡು, ಬಾಯಲ್ಲಿ ಬಾಗಿದ ಕೊಳವೆಯೊಂದನ್ನು ಕಚ್ಚಿ ಹಿಡಿದು, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಜೀವಲೋಕವನ್ನು ನೋಡುವುದೇ ಸ್ನಾರ್ಕೆಲಿಂಗ್. ಸ್ಕೂಬಾದವರಿಗೆ ಬೇಕಾಗುವ ಗಾಳಿಯ ಸಿಲಿಂಡರ್ ಇದಕ್ಕೆ ಬೇಡ, ಆಳಕ್ಕೆ ಇಳಿಯುವ ಪರಿಣತಿಯೂ ಬೇಡ. ಖರ್ಚೂ ಕಡಿಮೆ. ಹೀಗಾಗಿ ರಜೆಯಲ್ಲಿ ಕರಾವಳಿಗೆ ಹೋಗುವ ಸಾಮಾನ್ಯ ಕುಟುಂಬಕ್ಕೆ ಹವಳವನ್ನು ಕಣ್ಣಾರೆ ಕಾಣಲು ಇರುವ ಸುಲಭದ ದಾರಿ ಇದು. ಕರ್ನಾಟಕದಲ್ಲಿ ಅದಕ್ಕಾಗಿ ಜನ ಮುಖ್ಯವಾಗಿ ಹೋಗುವುದು ನೇತ್ರಾಣಿಗೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ಬಂಡೆಗಲ್ಲಿನ ದ್ವೀಪ ಅದು.

ಅಲ್ಲಿಗೆ ಬರುವವರಲ್ಲಿ ಕಡಲ ತೀರದವರಿಗಿಂತ ಘಟ್ಟದ ಮೇಲಿನವರೇ ಹೆಚ್ಚು. ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿಯುತ್ತದೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯಂಥ ಊರಿನಿಂದ ಹೊರಟ ಟೆಂಪೊ ರಾತ್ರಿಯೆಲ್ಲ ಸಾಗಿ ಬೆಳಕು ಹರಿಯುವ ಹೊತ್ತಿಗೆ ಮುರುಡೇಶ್ವರ ತಲುಪುವುದು ಕಷ್ಟವೇನಲ್ಲ. ರಾಗಿ ಹೊಲ, ತೆಂಗಿನ ತೋಟ, ಮಳೆ ಬಂದರೆ ತುಂಬಿ ಬಾರದಿದ್ದರೆ ಒಣಗುವ ಕೆರೆ, ಇಂಥ ನೆಲದಲ್ಲಿ ಬೆಳೆದವರು ಮೊದಲ ಬಾರಿಗೆ ಇಳಿಯುವ ಕಡಲು ನೇತ್ರಾಣಿಯದಾಗುವುದೂ ಉಂಟು. ಪುನೀತ್ ರಾಜ್‌ಕುಮಾರ್ ಮತ್ತು ಅಮೋಘವರ್ಷ ಅವರ ‘ಗಂಧದ ಗುಡಿ’ 2022ರಲ್ಲಿ ನೇತ್ರಾಣಿಯ ನೀರಡಿಯನ್ನು ಊರೂರಿನ ಚಿತ್ರಮಂದಿರಗಳಲ್ಲಿ ತೋರಿಸಿತು. ಸಮುದ್ರವನ್ನೇ ಕಾಣದವರಲ್ಲೂ ಹವಳದ ಬಗ್ಗೆ ಆಸೆ ಮೂಡಿದ್ದು ಸಹಜ, ಮೂಡಬೇಕಾದದ್ದೂ ಹೌದು. ಆದರೆ ಆಸೆಯ ಜೊತೆಗೆ ತಯಾರಿಯೂ ಇರಬೇಕು. ಪ್ರವಾಸಿಯ ಜೀವಕ್ಕೆ ಅದು ಎಷ್ಟು ಅಗತ್ಯವೋ ಹವಳಕ್ಕೂ ಅಷ್ಟೇ ಅಗತ್ಯ. ಈ ಎರಡನ್ನು ಬೇರೆ ಬೇರೆ ವಿಷಯಗಳೆಂದು ನೋಡುತ್ತಿರುವುದರಲ್ಲೇ ನಮ್ಮ ಪ್ರವಾಸೋದ್ಯಮದ ದೊಡ್ಡ ಕೊರತೆ ಇದೆ.

ಕರ್ನಾಟಕದ ಕರಾವಳಿಯಲ್ಲಿ ಹವಳ ಏಕೆ ಅಪರೂಪ ಎಂಬುದನ್ನು ಮೊದಲು ತಿಳಿಯಬೇಕು. ಹವಳಕ್ಕೆ ತಿಳಿನೀರು, ಬಿಸಿಲು, ಉಪ್ಪಿನ ಒಂದೇ ಹದ ಮತ್ತು ಅಂಟಿಕೊಳ್ಳಲು ಗಟ್ಟಿ ತಳ ಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಮಳೆಗಾಲದಲ್ಲಿ ಕೆಂಪು ಹೂಳು ಹೊತ್ತ ಸಿಹಿನೀರನ್ನು ತೀರಕ್ಕೆ ಸುರಿಯುತ್ತವೆ. ಆ ಕದಡಿದ ನೀರಿನಲ್ಲಿ ಹವಳ ಬದುಕುವುದು ಕಷ್ಟ. ನೇತ್ರಾಣಿ ತೀರದಿಂದ ದೂರವಿರುವುದರಿಂದ ಹೂಳಿನ ಕಾಟ ಕಡಿಮೆ, ದ್ವೀಪದ ಬಂಡೆಗಳೇ ಹವಳಕ್ಕೆ ಬುನಾದಿ. ಹೀಗಾಗಿ ಅಲ್ಲಿರುವುದು ಲಕ್ಷದ್ವೀಪದಲ್ಲಿರುವಂತೆ ಹವಳವೇ ಕಟ್ಟಿದ ದಿಬ್ಬವಲ್ಲ, ಬಂಡೆಯ ಮೇಲೆ ಅಲ್ಲಲ್ಲಿ ಹಬ್ಬಿದ ಹವಳದ ಗುಂಪುಗಳು. ಭಾರತದ ದೊಡ್ಡ ಹವಳ ಪ್ರದೇಶಗಳು ಅಂಡಮಾನ್ ಮತ್ತು ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿ ಮತ್ತು ಕಛ್ ಕೊಲ್ಲಿ. ಅವುಗಳ ಮುಂದೆ ನೇತ್ರಾಣಿ ತೀರ ಚಿಕ್ಕದು. ಚಿಕ್ಕದಾದದ್ದರಿಂದಲೇ ಅದಕ್ಕೆ ಪೆಟ್ಟು ತಾಳುವ ಶಕ್ತಿಯೂ ಕಡಿಮೆ. ದೊಡ್ಡ ದಿಬ್ಬದ ಒಂದು ಮೂಲೆ ಹಾಳಾದರೆ ಪಕ್ಕದ ಮೂಲೆಯಿಂದ ಮರಿಗಳು ತೇಲಿಬಂದು ನೆಲೆಸುತ್ತವೆ; ನೇತ್ರಾಣಿಯ ಸುತ್ತ ಅಂಥ ನೆರೆಹೊರೆ ಹತ್ತಿರದಲ್ಲಿಲ್ಲ.

ಹವಳ ಕಲ್ಲಿನಂತೆ ಕಂಡರೂ ಪ್ರಾಣಿ. ಹತ್ತಿರದಿಂದ ನೋಡಿದರೆ ಅದರ ಮೈಯೆಲ್ಲ ಸಣ್ಣ ಸಣ್ಣ ಬಟ್ಟಲುಗಳು. ಒಂದೊಂದು ಬಟ್ಟಲಿನಲ್ಲೂ ಕೆಲವೇ ಮಿಲಿಮೀಟರ್ ಗಾತ್ರದ, ಬಾಯಿಯ ಸುತ್ತ ಎಳೆಯಂಥ ಕೈಗಳಿರುವ ಜೀವಿ. ಅದರ ಹೆಸರು ಪಾಲಿಪ್. ಹಗಲಲ್ಲಿ ಹೆಚ್ಚಿನ ಜಾತಿಯ ಪಾಲಿಪ್‌ಗಳು ಒಳಗೆ ಮುದುಡಿಕೊಂಡಿರುತ್ತವೆ, ರಾತ್ರಿ ಕೈಚಾಚಿ ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿಯುತ್ತವೆ. ಅವುಗಳ ಆಹಾರದ ಬಹುಪಾಲು ಬರುವುದು ಮಾತ್ರ ಒಡಲೊಳಗೆ ವಾಸಿಸುವ ಏಕಕೋಶದ ಪಾಚಿಯಿಂದ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಕೊಡುತ್ತದೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ಹವಳದ ಬಣ್ಣದಲ್ಲಿ ಹೆಚ್ಚಿನ ಪಾಲು ಆ ಪಾಚಿಯದೇ. ಪಾಲಿಪ್ ತನ್ನ ಬುಡದಲ್ಲಿ ಸುಣ್ಣದ ಪದರ ಹಾಕುತ್ತ ಹಾಕುತ್ತ ಮೇಲೇರುತ್ತದೆ. ಗುಂಡಾಗಿ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಅದೇ ಹೆಚ್ಚು. ನಡುವಿನಿಂದ ಎಲ್ಲ ಕಡೆಗೂ ಬೆಳೆಯುವ, ಒಂದು ಮೀಟರ್ ಅಗಲದ ಗುಂಡು ಹವಳಕ್ಕೆ ಕನಿಷ್ಠ ಅರ್ಧ ಶತಮಾನದ ಆಯುಸ್ಸು ಎಂದಾಯಿತು. ಪಂಚನಹಳ್ಳಿಯ ತೋಟದಲ್ಲಿ ಅಜ್ಜ ನೆಟ್ಟ ತೆಂಗು ಈಗ ಎಷ್ಟು ಹಳೆಯದೋ ಇದೂ ಅಷ್ಟೇ ಹಳೆಯದು. ಅದರ ಮೈಮೇಲೆ ಇರುವುದು ತೆಳುವಾದ ಲೋಳೆ, ಅದರಡಿ ತೆಳುವಾದ ಮಾಂಸದ ಹೊದಿಕೆ. ಬೆರಳಿನಿಂದ ಒತ್ತಿದರೂ ಅದು ಕೆಳಗಿನ ಸುಣ್ಣದ ಚೂಪಿಗೆ ಸಿಕ್ಕಿ ಹರಿಯುತ್ತದೆ, ಆ ಗಾಯದಲ್ಲಿ ಬೇರೆ ಪಾಚಿ ಮತ್ತು ರೋಗಾಣುಗಳು ನೆಲೆಯೂರುತ್ತವೆ.

ಕಾನೂನು ಈ ಜೀವಿಯನ್ನು ಹಗುರವಾಗಿ ಕಂಡಿಲ್ಲ. ಗಟ್ಟಿ ಹವಳಗಳೆಲ್ಲ 2001ರಿಂದ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆಗಳ ಹೆಸರಿರುವ ಅದೇ ಪಟ್ಟಿ. ಬಂಡೀಪುರದಲ್ಲಿ ಜೀಪಿನಿಂದ ಇಳಿಯಬಾರದೆಂಬುದನ್ನು ಯಾರೂ ಎರಡು ಸಲ ಹೇಳಿಸಿಕೊಳ್ಳುವುದಿಲ್ಲ. ಹವಳದ ವಿಷಯದಲ್ಲಿ ಆ ತಿಳಿವಳಿಕೆ ಇನ್ನೂ ಬೇರೂರಿಲ್ಲ. ನೆನಪಿಗೆಂದು ಒಂದು ತುಂಡು ಹವಳ ಮುರಿದು ಚೀಲಕ್ಕೆ ಹಾಕಿಕೊಳ್ಳುವುದು ಶಿಕ್ಷಾರ್ಹ ಅಪರಾಧ.

ಹಾಗಾದರೆ ನೀರಿನ ಮೇಲೆ ತೇಲುವವನಿಂದ ಹವಳಕ್ಕೆ ಏನು ತೊಂದರೆ? ಇದಕ್ಕೆ ಉತ್ತರ ಆ ಮನುಷ್ಯನ ದೇಹಸ್ಥಿತಿಯಲ್ಲಿದೆ. ಮಾಸ್ಕ್ ಹಾಕಿಕೊಂಡ ಕೂಡಲೇ ಮೂಗು ಮುಚ್ಚಿಹೋಗುತ್ತದೆ, ಬಾಯಿಂದ ಮಾತ್ರ ಉಸಿರಾಡಬೇಕಾಗುತ್ತದೆ. ಹುಟ್ಟಿದಾಗಿನಿಂದ ಮೂಗಿನಲ್ಲಿ ಉಸಿರಾಡಿದವರಿಗೆ ಮೊದಲ ಕೆಲವು ನಿಮಿಷ ಇದೇ ದೊಡ್ಡ ಸವಾಲು. ಕೊಳವೆಗೆ ಅಲೆಯ ನೀರು ನುಗ್ಗುತ್ತದೆ; ಜೋರಾಗಿ ಊದಿ ಹೊರಹಾಕಬೇಕು ಎಂಬುದು ಗೊತ್ತಿಲ್ಲದವರು ಒಳಗೆಳೆದುಕೊಳ್ಳುತ್ತಾರೆ. ಕೊಳವೆಯಲ್ಲಿ ಉಳಿದ ಹಳೆಯ ಗಾಳಿ ಮತ್ತೆ ಒಳಕ್ಕೆ ಹೋಗುವುದರಿಂದ ಗಾಬರಿಯ ಸಣ್ಣ ಸಣ್ಣ ಉಸಿರು ಸಾಲುವುದಿಲ್ಲ, ನಿಧಾನವಾದ ದೀರ್ಘ ಉಸಿರೇ ಬೇಕು. ಕೊಳವೆ ಎಷ್ಟು ಬೇಕಾದರೂ ಉದ್ದ ಇರಬಹುದಲ್ಲ ಎಂದು ಕೆಲವರು ಭಾವಿಸುತ್ತಾರೆ. ಹಾಗಾಗದು. ಹಳೆಯ ಗಾಳಿ ಹೆಚ್ಚುವುದರ ಜೊತೆಗೆ, ಒಂದು ಮೀಟರ್ ಆಳದಲ್ಲೇ ನೀರಿನ ಒತ್ತಡ ಎದೆಯನ್ನು ಎಷ್ಟು ಅದುಮುತ್ತದೆಂದರೆ ಮೇಲಿನ ಗಾಳಿಯನ್ನು ಎಳೆದುಕೊಳ್ಳುವುದು ಶ್ವಾಸಕೋಶಕ್ಕೆ ಬಹಳ ಕಷ್ಟ. ಮಾಸ್ಕ್‌ನ ಗಾಜಿನ ಮೂಲಕ ನೋಡಿದರೆ ನೀರೊಳಗಿನ ವಸ್ತು ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಇದೂ ಹೊಸಬರ ಅಂದಾಜನ್ನು ತಪ್ಪಿಸುತ್ತದೆ.

ಇಷ್ಟೆಲ್ಲ ಒಟ್ಟಿಗೆ ಬಂದಾಗ ಗಾಬರಿಯಾದವರು ಮಾಡುವುದು ಒಂದೇ: ಬೋರಲಾಗಿದ್ದ ಮೈ ನೆಟ್ಟಗಾಗುತ್ತದೆ, ಕಾಲು ಸೈಕಲ್ ತುಳಿದಂತೆ ಬಡಿಯುತ್ತದೆ, ಕೈ ಏನು ಸಿಕ್ಕರೂ ಹಿಡಿಯಲು ಹವಣಿಸುತ್ತದೆ. ಹವಳದ ದಿಬ್ಬ ಸುತ್ತುವರಿದ ಲಕ್ಷದ್ವೀಪದ ಲಗೂನುಗಳಂಥ ಎದೆಮಟ್ಟದ ನೀರಿನಲ್ಲಿ ಆ ಕಾಲು ಹವಳದ ಮೇಲೇ ನಿಲ್ಲುತ್ತದೆ. ನೇತ್ರಾಣಿಯಲ್ಲಿ ದೋಣಿ ನಿಲ್ಲುವ ಕಡೆ ನೀರು ಆಳ, ಅಲ್ಲಿ ಕಾಲು ತಳ ಮುಟ್ಟುವುದಿಲ್ಲ. ಆದರೆ ದ್ವೀಪದ ಬಂಡೆಗೆ ಹತ್ತಿರ ಹೋದವರನ್ನು ಅಲೆ ಬಂಡೆಗೇ ಒಗೆಯುತ್ತದೆ. ಆಗ ಮನುಷ್ಯನ ಚರ್ಮ ಮತ್ತು ಬಂಡೆಗೆ ಅಂಟಿದ ಜೀವ ಎರಡೂ ತರಚುತ್ತವೆ. ತಳದಲ್ಲಿ ಮರಳಿದ್ದ ಕಡೆ ಕಾಲಿಗೆ ತೊಟ್ಟ ಈಜುರೆಕ್ಕೆಯ (ಫಿನ್ಸ್) ಬಡಿತಕ್ಕೆ ಎದ್ದ ಹೂಳು ಹವಳದ ಮೇಲೆ ಕೂರುತ್ತದೆ, ಅದನ್ನು ತೊಳೆದುಕೊಳ್ಳಲು ಹವಳ ಲೋಳೆ ಸುರಿಸಿ ಶಕ್ತಿ ಕಳೆದುಕೊಳ್ಳುತ್ತದೆ. ಮೈ ಸಡಿಲಬಿಟ್ಟು ಸಮಾಧಾನದಿಂದ ತೇಲುವವನಿಂದ ಇಂಥ ಯಾವ ಹಾನಿಯೂ ಆಗದು. ಅಂದರೆ ಪ್ರವಾಸಿಯ ಸುರಕ್ಷತೆಗೆ ಬೇಕಾದ ಕೌಶಲ ಮತ್ತು ಹವಳದ ರಕ್ಷಣೆಗೆ ಬೇಕಾದ ಕೌಶಲ ಒಂದೇ. ತೇಲಲು ಕಲಿಸುವುದಕ್ಕಿಂತ ಅಗ್ಗದ ಸಂರಕ್ಷಣಾ ಯೋಜನೆ ಇನ್ನೊಂದಿಲ್ಲ.

ಈ ಮಾತಿಗೆ ಬರುವ ಮುಖ್ಯ ಆಕ್ಷೇಪವನ್ನು ಬದಿಗೆ ಸರಿಸುವಂತಿಲ್ಲ. ಹವಳ ಸಾಯುತ್ತಿರುವುದು ಪ್ರವಾಸಿಯ ಕಾಲಿನಿಂದಲ್ಲ, ಕಡಲಿನ ಬಿಸಿಯಿಂದ ಎಂಬುದೇ ಆ ಆಕ್ಷೇಪ. ಅದು ನಿಜ. ನೀರಿನ ಉಷ್ಣಾಂಶ ಬೇಸಿಗೆಯ ರೂಢಿಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 1998, 2010 ಮತ್ತು 2016ರ ಆಸುಪಾಸಿನಲ್ಲಿ ಇಂಥ ಬಿಳಿಚುವಿಕೆ ಜಗತ್ತಿನಾದ್ಯಂತ ಕಾಣಿಸಿತು. ನಾಲ್ಕನೆಯದನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ದೃಢಪಡಿಸಿದರು. ಆ ಬೇಸಿಗೆಯಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಲಕ್ಷದ್ವೀಪದಲ್ಲಿ ತೀವ್ರ ಬಿಳಿಚುವಿಕೆಯನ್ನು ವರದಿ ಮಾಡಿತು. ಲಕ್ಷದ್ವೀಪದ ಮೂರು ದ್ವೀಪಗಳಲ್ಲಿ ಇಪ್ಪತ್ತನಾಲ್ಕು ವರ್ಷ ನಡೆದ ಅಧ್ಯಯನದ ಪ್ರಕಾರ, 1998ರಲ್ಲಿ ಇದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿದೆ.

ಆದರೆ ಇದರಿಂದ ಪ್ರವಾಸಿಯ ಪೆಟ್ಟು ಲೆಕ್ಕಕ್ಕಿಲ್ಲ ಎಂಬ ತೀರ್ಮಾನ ಬರುವುದಿಲ್ಲ, ಅದರ ತೂಕ ಹೆಚ್ಚುತ್ತದೆ. ಬಿಸಿಗೆ ಬೆಂದ ದಿಬ್ಬ ಮತ್ತೆ ಕಟ್ಟಿಕೊಳ್ಳಲು ವರ್ಷಗಟ್ಟಲೆ ಬಿಡುವು ಬೇಕು. ಆ ಬಿಡುವಿನಲ್ಲಿ ಮರಿ ಹವಳ ಬಂಡೆಗೆ ಅಂಟಿಕೊಳ್ಳಬೇಕು, ಗಿಳಿಮೀನಿನಂಥ ಮೇಯುವ ಮೀನುಗಳು ಬಂಡೆಯ ಮೇಲಿನ ಪಾಚಿಯನ್ನು ಕೆರೆದು ಜಾಗ ತೆರವು ಮಾಡಬೇಕು. ಲಂಗರು ಎಳೆದ ಕಡೆ, ತುಂಡಾದ ಬಲೆ ಸುತ್ತಿಕೊಂಡ ಕಡೆ, ಕಾಲು ತುಳಿದ ಕಡೆ ಮರಿ ನಿಲ್ಲುವುದಿಲ್ಲ. ಅರಬ್ಬೀ ಸಮುದ್ರದ ಬಿಸಿಯನ್ನು ಇಳಿಸುವುದು ಉತ್ತರ ಕನ್ನಡ ಜಿಲ್ಲೆಯ ಅಧಿಕಾರಿಗಳ ಕೈಯಲ್ಲಿಲ್ಲ. ಲಂಗರು ಎಲ್ಲಿ ಬೀಳಬೇಕು, ದಿನಕ್ಕೆ ಎಷ್ಟು ದೋಣಿ ಹೋಗಬೇಕು ಎಂಬುದು ಅವರ ಕೈಯಲ್ಲಿದೆ. ಕೈಯಲ್ಲಿರುವ ಕೆಲಸ ಬಿಡಲು ಕೈಮೀರಿದ ಕೆಲಸ ನೆಪವಾಗಬಾರದು.

ಆ ಬಿಸಿಯ ವಿಷಯದಲ್ಲಿ ಬಯಲುಸೀಮೆಯವರೂ ಹೊರಗಿನವರಲ್ಲ. ಕಡೂರು, ಅಜ್ಜಂಪುರದ ನೀರು ವೇದಾವತಿಯ ಕಡೆಗೂ ತರೀಕೆರೆಯ ನೀರು ಭದ್ರೆಯ ಕಡೆಗೂ ಹರಿದು ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತದೆ. ನದಿಯ ಲೆಕ್ಕದಲ್ಲಿ ಈ ಸೀಮೆಗೂ ನೇತ್ರಾಣಿಯ ಕಡಲಿಗೂ ಸಂಬಂಧವಿಲ್ಲ. ಮಳೆಯ ಲೆಕ್ಕದಲ್ಲಿ ಸಂಬಂಧ ನೇರವಾದದ್ದು. ಪಂಚನಹಳ್ಳಿಯ ರಾಗಿಗೆ ಬೇಕಾದ ಮುಂಗಾರು ಮೋಡ ಅರಬ್ಬೀ ಸಮುದ್ರದಿಂದಲೇ ಎದ್ದು, ಘಟ್ಟದಲ್ಲಿ ಬಹುಪಾಲು ಸುರಿದು, ಉಳಿದದ್ದಷ್ಟೇ ಇತ್ತ ಬರುತ್ತದೆ. ಈ ಸಮುದ್ರ ಕೆಲವು ದಶಕಗಳಿಂದ ವೇಗವಾಗಿ ಕಾಯುತ್ತಿರುವುದನ್ನೂ, ಅದರ ಜೊತೆಗೆ ಮುಂಗಾರಿನ ನಡೆ ಏರುಪೇರಾಗಿ ಅತಿಮಳೆಯ ದಿನಗಳು ಹೆಚ್ಚುತ್ತಿರುವುದನ್ನೂ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಹವಳವನ್ನು ಬಿಳಿಚಿಸುವ ಬಿಸಿಯೂ ಹೊಲದ ಮಳೆಯನ್ನು ಅಂಕೆ ತಪ್ಪಿಸುವ ಬಿಸಿಯೂ ಒಂದೇ ಕಡಲಿನದು.

ಇನ್ನೊಂದು ವಾದ ಮೊದಲಿನ ಆಕ್ಷೇಪಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ: ಹವಳ ಇಷ್ಟು ಸೂಕ್ಷ್ಮವಾದರೆ ಪ್ರವಾಸವನ್ನೇ ನಿಲ್ಲಿಸಿಬಿಡಿ ಎಂದು. ಕೇಳಲು ಸರಳ, ಆದರೆ ನೇತ್ರಾಣಿಯ ಇತಿಹಾಸ ಅದನ್ನು ಒಪ್ಪುವುದಿಲ್ಲ. ಪ್ರವಾಸಿಗರ ಕಣ್ಣು ಬೀಳದಿದ್ದ ಕಾಲದಲ್ಲಿ ಈ ದ್ವೀಪವೇನೂ ಸುರಕ್ಷಿತವಾಗಿರಲಿಲ್ಲ. ನೌಕಾಪಡೆ ಇದನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿತ್ತು. ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುವ, ಗುಹೆಗಳಲ್ಲಿ ಬಾನಾಡಿ ಹಕ್ಕಿಗಳು ನೆಲೆಸುವ ದ್ವೀಪದ ಮೇಲೆ ಶೆಲ್ಲುಗಳು ಬೀಳುತ್ತಿದ್ದುದು ಒಳನಾಡಿನವರಿಗೆ ಗೊತ್ತೇ ಇರಲಿಲ್ಲ. ಜೀವವಿಜ್ಞಾನಿಗಳು ಮತ್ತು ಪರಿಸರ ಕಾರ್ಯಕರ್ತರು ಅಲ್ಲಿಗೆ ಹೋಗಿ ಕಂಡು, ಬರೆದು, ದನಿ ಎತ್ತಿದ ಮೇಲೆಯೇ ಅದು ಸಾರ್ವಜನಿಕ ಚರ್ಚೆಯಾಯಿತು. ಮೀನುಗಾರರಿಗಂತೂ ನೇತ್ರಾಣಿ ಮೊದಲಿನಿಂದಲೂ ತಮ್ಮದು. ಅಲ್ಲಿನ ದೈವಕ್ಕೆ ಹರಕೆ ಹೊತ್ತು ಅವರು ಬಿಟ್ಟ ಆಡುಗಳ ಸಂತತಿ ದ್ವೀಪದ ಕಾಡಿನಲ್ಲಿ ಇಂದಿಗೂ ಇದೆ ಎನ್ನುತ್ತಾರೆ. ಸ್ನಾರ್ಕೆಲಿಂಗ್ ದೋಣಿ ಅವರಲ್ಲಿ ಕೆಲವರಿಗಾದರೂ ಬಲೆಯ ಹೊರತಾದ ಸಂಪಾದನೆ. ಬಾಗಿಲು ಮುಚ್ಚಿದರೆ ಆ ಸಂಪಾದನೆ ಹೋಗುತ್ತದೆ, ನೋಡುವ ಕಣ್ಣುಗಳೂ ಹೋಗುತ್ತವೆ.

ಮುಚ್ಚದೆಯೂ ಕಾಪಾಡಬಹುದು ಎನ್ನಲು ಹೊರಗೆ ಉದಾಹರಣೆಗಳಿವೆ. ಹವಾಯಿಯ ಹನೌಮಾ ಕೊಲ್ಲಿಗೆ ಒಂದು ಕಾಲದಲ್ಲಿ ದಿನಕ್ಕೆ ಸಾವಿರಾರು ಜನ ನುಗ್ಗುತ್ತಿದ್ದರು. ಈಗ ಅಲ್ಲಿ ವಾರದಲ್ಲಿ ಎರಡು ದಿನ ರಜೆ, ಉಳಿದ ದಿನ ಜನಸಂಖ್ಯೆಗೆ ಮಿತಿ. ಮೊದಲ ಬಾರಿ ಬಂದವರು ನೀರಿಗಿಳಿಯುವ ಮೊದಲು ಹವಳದ ಬಗ್ಗೆ ಕಿರುಚಿತ್ರವೊಂದನ್ನು ನೋಡಲೇಬೇಕು. ಕೋವಿಡ್ ಕಾಲದಲ್ಲಿ ಕೊಲ್ಲಿ ಮುಚ್ಚಿದ್ದಾಗ ನೀರು ಎಷ್ಟು ತಿಳಿಯಾಯಿತೆಂಬುದನ್ನು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿದರು. ಥಾಯ್ಲೆಂಡಿನ ಮಾಯಾ ಕೊಲ್ಲಿಯ ಕಥೆ ಇನ್ನೂ ಕಠಿಣ. ಸಿನಿಮಾದಿಂದ ಹೆಸರಾದ ಆ ಪುಟ್ಟ ಕೊಲ್ಲಿ ದೋಣಿಗಳ ಲಂಗರು ಮತ್ತು ಜನಜಂಗುಳಿಗೆ ನಲುಗಿ 2018ರ ಜೂನ್‌ನಲ್ಲಿ ಮುಚ್ಚಿತು, ತೆರೆದದ್ದು 2022ರ ಜನವರಿಯಲ್ಲಿ. ಈಗ ಕೊಲ್ಲಿಯೊಳಗೆ ದೋಣಿಗೆ ಪ್ರವೇಶವಿಲ್ಲ. ಮೊದಲೇ ಮಿತಿ ಹಾಕಿದ್ದರೆ ಮೂರೂವರೆ ವರ್ಷ ಬಾಗಿಲು ಹಾಕುವ ಸ್ಥಿತಿ ಬರುತ್ತಿರಲಿಲ್ಲ. ನೇತ್ರಾಣಿ ಇನ್ನೂ ಆ ಹಂತ ತಲುಪಿಲ್ಲ. ನಿಯಮ ಮಾಡಲು ಇದೇ ಸರಿಯಾದ ಹೊತ್ತು.

ನಿಯಮಗಳೇನೂ ಜಟಿಲವಲ್ಲ. ದ್ವೀಪದ ಸುತ್ತ ಕೆಲವು ಕಡೆ ತಳಕ್ಕೆ ಭದ್ರವಾಗಿ ಬಿಗಿದ ತೇಲು ಬುರುಡೆಗಳಿದ್ದರೆ ದೋಣಿಗಳು ಅವಕ್ಕೇ ಹಗ್ಗ ಕಟ್ಟುತ್ತವೆ, ಪ್ರತಿ ಸಲ ಲಂಗರು ಎಸೆಯುವ ಅಗತ್ಯವೇ ಬೀಳುವುದಿಲ್ಲ. ಮಳೆಗಾಲದ ಕಡಲು ಹೇಗೂ ನೇತ್ರಾಣಿಯ ಪ್ರವಾಸವನ್ನು ನಿಲ್ಲಿಸುತ್ತದೆ. ಬಿಳಿಚುವಿಕೆ ಕಂಡ ಬೇಸಿಗೆಯಲ್ಲೂ ಹಾಗೆಯೇ ಬಿಡುವು ಕೊಡಬಹುದು. ಮೀನಿಗೆ ಬ್ರೆಡ್ಡು, ಬಿಸ್ಕತ್ತು ಹಾಕಿ ಫೋಟೊಗೆ ಕರೆಯುವುದು ನಿಲ್ಲಬೇಕು, ಏಕೆಂದರೆ ಬಂಡೆಯ ಪಾಚಿ ಮೇಯಬೇಕಾದ ಮೀನು ದೋಣಿಯ ಹಿಂದೆ ಬೀಳುತ್ತದೆ. ಸನ್‌ಸ್ಕ್ರೀನ್ ವಿಷಯದಲ್ಲಿ ವಿಜ್ಞಾನಿಗಳೆಲ್ಲ ಒಂದೇ ಮಾತು ಹೇಳುವುದಿಲ್ಲ. ಆಕ್ಸಿಬೆಂಜೋನ್ ಇರುವ ಲೇಪನ ಹವಳದ ಮರಿಗಳಿಗೆ ವಿಷವೆಂದು ಪ್ರಯೋಗಾಲಯದಲ್ಲಿ ಕಂಡಿದೆ, ತೆರೆದ ಕಡಲಿನ ತೆಳು ಪ್ರಮಾಣದಲ್ಲಿ ಎಷ್ಟು ಹಾನಿ ಎಂಬುದು ಇನ್ನೂ ಚರ್ಚೆಯಲ್ಲಿದೆ. ಹವಾಯಿ ಅದರ ಮಾರಾಟವನ್ನು 2021ರಿಂದ ನಿಷೇಧಿಸಿತು. ತುಂಬುತೋಳಿನ ಅಂಗಿ ತೊಟ್ಟು ಇಳಿದರೆ ಈ ಚರ್ಚೆಯ ಗೊಡವೆಯೇ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ತೇಲುವ ಕಲಿಕೆ, ಅದು ಮುರುಡೇಶ್ವರದ ದೋಣಿಯಲ್ಲಿ ಶುರುವಾದರೆ ತಡವಾಯಿತೆಂದೇ ಅರ್ಥ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ತೀರದಲ್ಲಿ ನೀರುಪಾಲಾದರು. ಅವರು ಹವಳ ನೋಡಲು ಹೋದವರಲ್ಲ, ದಂಡೆಯ ಅಲೆಯಲ್ಲಿ ಆಡಲು ಇಳಿದವರು. ಒಳನಾಡಿನ ಮಕ್ಕಳಿಗೆ ಕಡಲು ಎಷ್ಟು ಅಪರಿಚಿತ ಎಂಬುದನ್ನು ಆ ದುರಂತ ಹೇಳುತ್ತದೆ. ಲೈಫ್ ಜಾಕೆಟ್ ಇದೆಯಲ್ಲ ಎನ್ನುವಂತಿಲ್ಲ; ಅದು ಮುಳುಗದಂತೆ ತಡೆಯುತ್ತದೆ ನಿಜ, ಆದರೆ ಗಾಬರಿಯನ್ನು ತಡೆಯುವುದಿಲ್ಲ. ಸೆಳೆತ ಎಳೆದುಕೊಂಡು ಹೋಗುವುದನ್ನೂ ತಡೆಯುವುದಿಲ್ಲ.

ಈಜು ಬಯಲುಸೀಮೆಗೆ ಹೊಸದೇನಲ್ಲ. ತೋಟದ ಬಾವಿಗಳಲ್ಲಿ ನೀರು ತುಂಬಿರುತ್ತಿದ್ದ ಕಾಲದಲ್ಲಿ ಹುಡುಗರು ಒಣಗಿದ ಕತ್ತಾಳೆ ಬೆಂಡನ್ನು ಬೆನ್ನಿಗೆ ಕಟ್ಟಿಕೊಂಡು, ಮೆಟ್ಟಿಲ ಮೇಲೆ ನಿಂತ ದೊಡ್ಡವರ ಕಣ್ಗಾವಲಿನಲ್ಲಿ ಈಜು ಕಲಿಯುತ್ತಿದ್ದರು. ದಿನ ಕಳೆದಂತೆ ಬೆಂಡಿನ ತುಂಡುಗಳನ್ನು ಒಂದೊಂದಾಗಿ ಕಡಿಮೆ ಮಾಡಿ, ಕೊನೆಗೆ ಬೆಂಡಿಲ್ಲದೆ ಬಿಡುತ್ತಿದ್ದರು. ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಬತ್ತಿದ ಮೇಲೆ ಆ ಕಲಿಕೆಯೂ ಬತ್ತಿತು. ಹೆಣ್ಣುಮಕ್ಕಳಿಗಂತೂ ಅದು ಮೊದಲೂ ದಕ್ಕಿದ್ದು ವಿರಳ. ಸಮುದ್ರದ ನೀರು ಉಪ್ಪಾದ್ದರಿಂದ ಬಾವಿ ನೀರಿಗಿಂತ ಹೆಚ್ಚು ತೇಲಿಸುತ್ತದೆ; ಬಾವಿಯಲ್ಲಿ ಮೈ ಸಡಿಲಬಿಟ್ಟು ತೇಲಬಲ್ಲವರಿಗೆ ಕಡಲಲ್ಲಿ ತೇಲುವುದು ಇನ್ನೂ ಸುಲಭ. ಅಲೆ ಮತ್ತು ಸೆಳೆತದ ತಿಳಿವಳಿಕೆ ಮಾತ್ರ ಬೇರೆಯಾಗಿ ಕಲಿಯಬೇಕಾದದ್ದು.

ಪ್ರೌಢಶಾಲೆಗಳ ವಾರ್ಷಿಕ ಪ್ರವಾಸದ ಪಟ್ಟಿಯಲ್ಲಿ ಜೋಗ, ಮುರುಡೇಶ್ವರ, ಗೋಕರ್ಣ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಬಸ್ಸು ಗೊತ್ತು ಮಾಡುವಷ್ಟೇ ಕಾಳಜಿಯಿಂದ, ಪ್ರವಾಸಕ್ಕೆ ಮೊದಲು ಮಕ್ಕಳಿಗೆ ತೇಲಲು ಕಲಿಸುವ ಏರ್ಪಾಡು ಆಗಬೇಕು. ಅದಕ್ಕೆ ತಾಲ್ಲೂಕು ಕೇಂದ್ರದಲ್ಲಿ ಒಂದು ಈಜುಕೊಳ, ತರಬೇತಿ ಪಡೆದ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು ಶಿಕ್ಷಕರು ಸಾಕು. ನೇತ್ರಾಣಿಗೆ ಹೊರಟ ದೊಡ್ಡವರೂ ಮುಂಗಡ ಹಣ ಕಟ್ಟುವ ಮೊದಲು ಸಂಘಟಕರನ್ನು ಮೂರು ಪ್ರಶ್ನೆ ಕೇಳಲಿ: ನೀರಿಗಿಳಿಸುವ ಮೊದಲು ಆಳವಿಲ್ಲದ ಕಡೆ ಮಾಸ್ಕ್ ಹಾಕಿ ಅಭ್ಯಾಸ ಮಾಡಿಸುತ್ತೀರಾ, ಒಬ್ಬ ಮಾರ್ಗದರ್ಶಿಯ ಜೊತೆ ಎಷ್ಟು ಜನ, ದೋಣಿಯ ಲಂಗರು ಎಲ್ಲಿ ಬೀಳುತ್ತದೆ? ತೃಪ್ತಿಕರ ಉತ್ತರ ಸಿಗದಿದ್ದರೆ ಆ ದೋಣಿ ಹತ್ತಬೇಡಿ.